ಒಗಟು ಬಿಡಿಸಿದವಳು

ಒಗಟು ನಾನು ಬಿಡಿಸಿದರೆ ಹೆಸರು ಇನ್ನೊಬ್ಬರಿಗೆ ಬರುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರುವ ಮೊದಲೂ ಹಾಗೇ, ಸೇರಿದ ಮೇಲೂ ಹಾಗೇ. ಈಗ ರೂಢಿಯಾಗಿದೆ ಎಂದರೆ ಸುಳ್ಳಾಗುತ್ತದೆ.

ಪದಬಂಧ

ಆಳಂದದಲ್ಲಿ ನಮ್ಮದು ಬಟ್ಟೆ ಅಂಗಡಿ. ವಾರಪತ್ರಿಕೆ ಬಂದ ದಿನ ನಾನು ಊಟ ಮರೆತು ಪದಬಂಧ ತುಂಬುತ್ತಿದ್ದೆ. ಒಮ್ಮೆ ಸ್ಪರ್ಧೆಗೆ ಕಳಿಸಲು ಹೊರಟಾಗ ಅಪ್ಪ, "ಹೆಣ್ಣುಹುಡುಗಿ ಹೆಸರು ಪೇಪರಿನ್ಯಾಗ ಯಾಕ ಬೇಕು? ತಮ್ಮನ ಹೆಸರು ಬರಿ" ಅಂದರು. ಬರೆದೆ. ಬಹುಮಾನ ಬಂತು.

ಶಾಲೆಯಲ್ಲಿ ಹೆಡ್‌ಮಾಸ್ತರರು ತಮ್ಮನನ್ನು ವೇದಿಕೆಗೆ ಕರೆದು, "ಅಷ್ಟು ಕಠಿಣ ಶಬ್ದ ನಿನಗ ಹೆಂಗ ಹೊಳೀತೋ?" ಎಂದು ಕೇಳಿದರು.

ಅವನು ಬೆವರು ಒರೆಸಿಕೊಂಡು, "ಅಕ್ಕನ್ನ ಕೇಳಿ ಹೇಳ್ತೇನ್ರಿ ಸರ್" ಅಂದ.

ಹೆಡ್‌ಮಾಸ್ತರರು ಸಭೆಯ ಕಡೆ ತಿರುಗಿದರು: "ನೋಡ್ರಿ, ಇಷ್ಟು ಶಾಣ್ಯಾ ಇದ್ರೂ ಹುಡುಗಗ ಎಂಥಾ ವಿನಯ!"

ಬಣ್ಣದ ಕ್ಯೂಬು

ಡಿಗ್ರಿ ಮುಗಿದ ಮೇಲೆ ಅಫಜಲಪುರದವರು ನನ್ನನ್ನು ನೋಡಲು ಬಂದರು. ವರ ಎಂಜಿನಿಯರು. ಕೈಯಲ್ಲಿ ಬಣ್ಣ ಹೊಂದಿಸುವ ಕ್ಯೂಬು. "ಭಾಳ ದಿನದಿಂದ ತಿರುವಾಕತ್ತೇನಿ, ಒಂದ ಬದಿ ಅಷ್ಟ ಕೂಡ್ತದ. ನೀವು ನೋಡ್ರಿ" ಎಂದು ನಗುತ್ತ ಕೊಟ್ಟ.

ಗುಲಬರ್ಗಾದ ಹಾಸ್ಟೆಲಿನಲ್ಲಿ ಗೆಳತಿಯ ಕ್ಯೂಬಿನ ಮೇಲೆ ನನ್ನ ಕೈ ಪಳಗಿತ್ತು. ಅವರು ಚುರಮುರಿ ಸೂಸಲಾ ತಿಂದು ಮುಗಿಸುವುದರೊಳಗೆ ಎಲ್ಲ ಬದಿ ಕೂಡಿಸಿ ಮುಂದಿಟ್ಟೆ. ವರನ ತಾಯಿ, "ಹುಡುಗಿ ಭಾಳ ಶಾಣ್ಯಾ ಅದಾಳ್ರಿ" ಎಂದು ಎದ್ದೇ ಬಿಟ್ಟರು. ಸಂಬಂಧ ಮುರಿಯಿತೆಂದು ಗೊತ್ತಾಯಿತು. ಹುಡುಗ ನನ್ನ ಮನಸ್ಸಿಗೆ ಹಿಡಿಸಿದ್ದ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವನು ಮೆಲ್ಲಗೆ ಕೇಳಿದ: "ಇದನ್ನ ಮತ್ತ ಕೆಡಿಸಿ ಕೊಡ್ರಿ. ಹಿಂಗ ಒಯ್ದ್ರ, ಯಾರು ಕೂಡಿಸ್ಯಾರ ಅಂತ ಊರಾಗ ಕೇಳ್ತಾರ."

ಸಾಹೇಬರು

ತೊಂಬತ್ತರ ದಶಕ. ಗುಲಬರ್ಗಾದ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ನನಗೆ ಕೆಲಸ. ಜೇವರ್ಗಿಯ ಬೇಳೆ ಮಿಲ್ಲಿಗೆ ಪ್ರೋಗ್ರಾಂ ಬರೆದು, ಕಂಪ್ಯೂಟರನ್ನು ಜೀಪಿಗೆ ಹೇರಿಕೊಂಡು ಹೋದೆ. ಪೆಟ್ಟಿಗೆ ಹಿಡಿದು ಮೊದಲು ಒಳಗೆ ಹೋದವನು ಡ್ರೈವರ್. ಮಿಲ್ಲಿನ ಮಾಲೀಕರು ಅವನಿಗೇ ಹಾರ ಹಾಕಿ ಕುರ್ಚಿಯಲ್ಲಿ ಕೂಡಿಸಿದರು. ಪಾಪ, ಅವನು ಹೇಳಲು ಬಾಯಿ ತೆರೆದರೆ ಬಾಯಿಗೆ ಪೇಢೆ ತುರುಕಿದರು.

"ಅಕ್ಕಾರ, ಯಾವ ಗುಂಡಿ ಒತ್ತಲ್ರಿ?" ಎಂದು ಅವನು ಪಿಸುಗುಟ್ಟಿದ. ತೋರಿಸಿದೆ. ಪರದೆ ಬೆಳಗಿತು, ಚಪ್ಪಾಳೆ ಬಿತ್ತು.

ಮಾಲೀಕರು ನನಗೆ, "ನೋಡ್ಕೋ ತಂಗಿ, ಸಾಹೇಬ್ರ ಹಂತೇಕ ನೀನೂ ಸ್ವಲ್ಪ ಕಲಿ" ಅಂದರು.

"ಇದನ್ನ ಬರೆದವಳು ನಾನ್ರಿ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮುಂದೆ ಒಂದು ದಿನ ಆ ಕಂಪ್ಯೂಟರ್ ಕೆಟ್ಟು ನಿಂತಿತು. "ಆ ಸಾಹೇಬ್ರನ್ನ ಜಲ್ದಿ ಕಳಸ್ರಿ" ಎಂದು ಮಿಲ್ಲಿನಿಂದ ಫೋನು. ನಡೆದದ್ದನ್ನೆಲ್ಲ ನಮ್ಮ ಮ್ಯಾನೇಜರಿಗೆ ಹೇಳಿ, "ಈಗರೆ ಅವರಿಗಿ ಖರೇ ಹೇಳ್ರಿ" ಅಂದೆ.

ಅವರು ಯೋಚಿಸಿ ಹೇಳಿದರು: "ಗಿರಾಕಿ ಮನಸ್ಸು ಯಾಕ ಮುರೀಬೇಕ್ರಿ? ಡ್ರೈವರನೇ ಹೋಗಲಿ. ಬೇಕಾದ್ರ ಹಿಂದಿನ ಸೀಟಿನ್ಯಾಗ ನೀವೂ ಕುಂತ್ಕೊಂಡು ಹೋಗ್ರಿ."