ಆ ಜಾಗ ಸರಿಯಿಲ್ಲ ಕಣೋ

ನಮ್ಮ ಮೈಸೂರಿನಲ್ಲಿ ತಪ್ಪು ಮಾಡುವ ಮನುಷ್ಯರು ಬಹಳ ಕಡಿಮೆ. ತಪ್ಪೆಲ್ಲ ಜಾಗಗಳದ್ದು. ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟು ಜಾರಿ ಬಿದ್ದರೆ ಬಚ್ಚಲು ಸರಿಯಿಲ್ಲ. ಅಂಗಡಿಯವನು ಗಿರಾಕಿಗಳ ಮೇಲೆಲ್ಲ ಹರಿಹಾಯ್ದು ವ್ಯಾಪಾರ ಕೆಡಿಸಿಕೊಂಡರೆ ಮಳಿಗೆಯ ಬಾಗಿಲು ಸರಿಯಿಲ್ಲ. ನನಗೆ ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಜಗಳವಾದಾಗಲೆಲ್ಲ ನಮ್ಮಮ್ಮ ಅಡುಗೆಮನೆಯ ಒಲೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಸುತ್ತಿದ್ದಳು. ಪಾಪ, ಆ ಒಲೆ ನಾಲ್ಕೂ ಮೂಲೆ ಸುತ್ತಿ ಬಂತು. ಜಗಳ ಮಾತ್ರ ಇದ್ದಲ್ಲೇ ಇತ್ತು. ಹೀಗಿರುವ ಮನೆಯಲ್ಲಿ ನಾನೊಬ್ಬ, ಏನಾದರಾಗಲಿ ಕಾರಣ ಕಂಡುಹಿಡಿಯಲೇಬೇಕು ಎಂದು ಹಟ ಹಿಡಿದದ್ದು ಹೇಗೆ ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಸುಮ ರಿಂಗ್ ರೋಡಿನಾಚೆಯ ಒಂದು ಸ್ಕೂಲಿನಲ್ಲಿ ಟೀಚರು. ಒಂಟಿಕೊಪ್ಪಲಿನ ನಮ್ಮ ಮನೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಒಂದು ಬೆಳಿಗ್ಗೆ ರಿಂಗ್ ರೋಡಿನ ದೊಡ್ಡ ತಿರುವಿನಲ್ಲಿ ಸ್ಕೂಟರ್ ಸಮೇತ ಬಿದ್ದಳು. ಯಾರೋ ಅಪರಿಚಿತರು ಫೋನ್ ಮಾಡಿ "ನಿಮ್ಮ ಮಿಸೆಸ್ ಬಿದ್ದವ್ರೆ, ಬೇಗ ಬನ್ನಿ" ಅಂದಾಗ ಇದ್ದ ಬಟ್ಟೆಯಲ್ಲೇ ಓಡಿದೆ. ಹೇಗೆ ಹೋದೆನೋ ದೇವರಿಗೇ ಗೊತ್ತು. ಹೋಗಿ ನೋಡಿದರೆ ಎಳನೀರಿನ ಅಂಗಡಿಯ ಸ್ಟೂಲಿನ ಮೇಲೆ, ಬಾತುಕೊಂಡ ಮೊಣಕಾಲು ಹಿಡಿದು ಕೂತಿದ್ದಳು. ನನ್ನನ್ನು ಕಂಡವಳೇ "ಚಿತ್ರಾನ್ನ ಎಲ್ಲಾ ಚೆಲ್ಲೋಯ್ತು ರೀ" ಅಂದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಲ್ಲೇ ರಸ್ತೆಬದಿಯಲ್ಲಿ ನಿಂತು ಅತ್ತುಬಿಟ್ಟೆ.

ಅಮ್ಮ ತನಿಖೆಗಿನಿಖೆ ಏನೂ ಮಾಡಲಿಲ್ಲ. "ಆ ಜಾಗ ಸರಿಯಿಲ್ಲ ಕಣಮ್ಮ. ಅದು ಸರಿಹೋಗೋ ತನಕ ನೀನು ಗಾಡಿ ಮುಟ್ಟಕೂಡದು" ಎಂದು ಸ್ಕೂಟರಿನ ಕೀ ತೆಗೆದುಕೊಂಡು ಹೋಗಿ ದೇವರ ಮುಂದೆ ಇಟ್ಟುಬಿಟ್ಟಳು. ಮೊಣಕಾಲು ವಾಸಿಯಾಯಿತು, ಕೀ ವಾಪಸ್ ಬರಲಿಲ್ಲ. ಎರಡು ಬಸ್ಸು ಬದಲಿಸಿ ಸುಮ ಸ್ಕೂಲಿಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹಾಜರಿಯೂ ಆಗಿರುತ್ತಿತ್ತು. ಹೆಡ್‌ಮಿಸ್ ಒಂದು ಸಲ ನಯವಾಗಿ ಹೇಳಿದರು, ಇನ್ನೊಂದು ಸಲ ನಯ ಬಿಟ್ಟು ಹೇಳಿದರು. ಆ ಸಂಜೆ ಸುಮ ನನ್ನನ್ನು ಕೂರಿಸಿಕೊಂಡು ಅಂದಳು: "ಅತ್ತೆಗೆ ನಾನು ಎದುರಾಡಲ್ಲ. ಹಾಗಂತ ಬಸ್ಸಿಗೆ ಕಾಯ್ತಾ ಕೆಲಸಾನೂ ಕಳ್ಕೊಳಲ್ಲ. ಆ ಜಾಗದಲ್ಲಿ ಏನಾಗುತ್ತೆ ಅಂತ ನೀವು ಪತ್ತೆ ಮಾಡಿ. ಇಲ್ಲಾಂದ್ರೆ..." ಇಲ್ಲಾಂದ್ರೆ ಏನು ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಪತ್ತೆ ಮಾಡಿಯೇ ತೀರುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ.

ಮೊದಲು ಹಿಡಿದದ್ದು ಪಕ್ಕದ ಮನೆಯ ರಾಮಸ್ವಾಮಿಯವರನ್ನು. ಅವರು ರಿಟೈರ್ಡ್ ಇಂಜಿನಿಯರು. ರಸ್ತೆಯ ವಿಷಯ ಎತ್ತಿದರೆ ಸಾಕು, ಕರೆಯದಿದ್ದರೂ ಒಳಗೆ ಬಂದು ಕೂರುವ ಪೈಕಿ. "ತಿರುವಿನಲ್ಲಿ ರಸ್ತೆ ಒಳಮಗ್ಗುಲಿಗೆ ಹೀಗೆ ವಾಲಿರ್ಬೇಕು ಕಣ್ರೀ" ಎಂದು ನಮ್ಮ ತಿಂಡಿ ತಟ್ಟೆಯನ್ನೇ ಎತ್ತಿ ವಾಲಿಸಿ ತೋರಿಸಿದರು. ತಟ್ಟೆಯಲ್ಲಿದ್ದ ಸಾಂಬಾರು ಅವರ ಶಾಸ್ತ್ರದ ಪ್ರಕಾರವೇ ನನ್ನ ಪಂಚೆಯ ಮೇಲೆ ಬಂತು. "ನೋಡಿದ್ರಾ?" ಎಂದರು ಸಂತೋಷವಾಗಿ. ನೋಡದೆ ಇರುವುದು ಹೇಗೆ, ಅದು ಬಿಸಿ ಇತ್ತು. ಹಾಗಾದರೆ ನಮ್ಮ ತಿರುವು ಸರಿಯಾಗಿ ವಾಲಿಲ್ಲವೇ ಎಂದು ಕೇಳಿದೆ. "ವಾಲಿದೆಯಲ್ಲ, ಸರಿಯಾಗೇ ವಾಲಿದೆ. ಆದ್ರೆ ಏನೋ ಆ ಜಾಗ ಸರಿಯಿಲ್ಲ" ಅಂದು ಕಾಫಿ ಕುಡಿದು ಹೋದರು.

ಇನ್ನು ಯಾರನ್ನೂ ಕೇಳುವುದು ಬೇಡ, ಕಣ್ಣಾರೆ ನೋಡಿಬಿಡೋಣ ಎಂದು ಆಫೀಸಿಗೆ ರಜ ಹಾಕಿ ತಿರುವಿಗೇ ಹೋದೆ. ಸುಮ ಬಿದ್ದ ದಿನ ಅವಳನ್ನು ಎತ್ತಿ ಕೂರಿಸಿದ್ದ ಎಳನೀರಿನ ಸಿದ್ದೇಗೌಡರು ಗುರುತು ಹಿಡಿದು ಸ್ಟೂಲು ಕೊಟ್ಟರು. ಅವರ ಅಂಗಡಿಯ ಪಕ್ಕದಲ್ಲೇ, ರಸ್ತೆಯ ಎಡಕ್ಕೆ, ಒಂದು ಪುಟ್ಟ ಗುಡಿ. "ಜಾಗ ಸರೀಗಿಲ್ಲ ಬುಡಿ ಸಾ. ಬೀಳೋರು ಜಾಸ್ತಿಯಾದ್ರು ಅಂತ ನಾವೇ ಗಣಪತಿ ಮಡಗ್ದೋ. ಟರ್ನಿಂಗ್ ಗಣಪತಿ ಅಂತ್ಲೇ ಹೆಸ್ರು" ಅಂದರು. "ಗಣಪತಿ ಬಂದ ಮೇಲೆ ಬೀಳೋದು ಕಮ್ಮಿ ಆಯ್ತಾ ಗೌಡ್ರೇ?" ಎಂದೆ. "ಎಲ್ ಸಾ! ಇನ್ನೂ ಜಾಸ್ತಿಯಾಯ್ತು. ಅದ್ಕೇ ಗುಡಿ ದೊಡ್ಡದು ಮಾಡವಾ ಅಂತಿದೀವಿ."

ನಾನು ಎಳನೀರು ಹೀರುತ್ತ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಎಳನೀರು ಕೆಳಗಿಟ್ಟೆ. ಅಲ್ಲಿ ರಸ್ತೆ ಬಲಕ್ಕೆ ತಿರುಗುತ್ತದೆ, ಭಕ್ತರ ತಲೆ ಎಡಕ್ಕೆ ತಿರುಗುತ್ತದೆ. ತಲೆಯ ಜೊತೆಗೆ ಕೈಯೂ ಹ್ಯಾಂಡಲ್ ಬಿಡುತ್ತದೆ. ಎಡಗೈಯಲ್ಲಿ ದೇವರಿಗೆ ನಮಸ್ಕಾರ ಮಾಡುವ ಪದ್ಧತಿ ನಮ್ಮಲ್ಲಿ ಉಂಟೇ? ಬ್ರೇಕು, ಆಕ್ಸಿಲರೇಟರು ಹಿಡಿದ ಬಲಗೈಯೇ ಮೇಲೇಳಬೇಕು. ಎದೆ ಮುಟ್ಟಬೇಕು, ತುಟಿ ಮುಟ್ಟಬೇಕು, ಹೆಲ್ಮೆಟ್ ಇದ್ದರೆ ಅದರ ಗಾಜಿಗೇ ಬೆರಳಲ್ಲಿ ಮುತ್ತು ಒತ್ತಬೇಕು. ಒಬ್ಬ ಮಹಾನುಭಾವನಂತೂ ಓಡುವ ಬೈಕಿನ ಮೇಲೇ ಚಪ್ಪಲಿಯಿಂದ ಕಾಲು ಹೊರಗೆಳೆದುಕೊಂಡ. ಕಾರಿನಲ್ಲಿ ಬಂದವರು ಭಕ್ತಿಯಲ್ಲಿ ಒಂದು ಕೈ ಮುಂದೆ. ಎರಡೂ ಕೈ ಬಿಟ್ಟು ಮುಗಿದರು. ನನ್ನ ಕಣ್ಣೆದುರಿಗೇ ಇಬ್ಬರು ಓಲಾಡಿ, ಹೇಗೋ ಸಾವರಿಸಿಕೊಂಡು, ಕಾಪಾಡಿದ್ದಕ್ಕಾಗಿ ಇನ್ನೊಂದು ಸಲ ಹಿಂದಕ್ಕೆ ತಿರುಗಿ ಕೈ ಮುಗಿದು ಹೋದರು. ಅಯ್ಯೋ ಶಿವನೇ ಅಂದುಕೊಂಡೆ.

"ಗೌಡ್ರೇ, ಗಣಪತೀನ ಒಂದಷ್ಟು ಮುಂದಕ್ಕೆ, ರಸ್ತೆ ನೆಟ್ಟಗಿರೋ ಕಡೆ ಇಡೋಕಾಗಲ್ವೇ?" ಎಂದೆ. ಅವರು ಮಚ್ಚು ಕೆಳಗಿಟ್ಟು ನನ್ನನ್ನೇ ನೋಡಿದರು. "ಎಂಗಾಯ್ತದೆ ಸಾ? ನೆಟ್ಗಿರೋ ರೋಡಲ್ಲಿ ದೇವ್ರಿಗೇನ್ ಕೆಲ್ಸ?" ಅಂದರು. ಬರುವ ಬೈಕಿನವರನ್ನಾದರೂ ಎಚ್ಚರಿಸೋಣ ಎಂದು ರಸ್ತೆ ಅಂಚಿಗೆ ಹೋಗಿ "ಕೈ ಬಿಡ್ಬೇಡಿ, ಕೈ ಬಿಡ್ಬೇಡಿ" ಎಂದು ಕೂಗಿದೆ. ಒಬ್ಬರು ನಿಲ್ಲಿಸಿ "ದೇವ್ರೇ ಕೈ ಬಿಟ್ಟಿಲ್ಲ, ನೀವ್ಯಾರ್ರೀ ಮಧ್ಯದಲ್ಲಿ?" ಎಂದು ಗದರಿಸಿ ಹೋದರು.

ಆದರೂ ನಾನು ಬಿಡುವವನಲ್ಲ. ಮನೆಗೆ ಬಂದು ಅಮ್ಮನ ಎದುರಿಗೇ ಸುಮಳನ್ನು ಕೇಳಿದೆ, "ನಿಜ ಹೇಳು, ಅವತ್ತು ಬೀಳೋ ಮುಂಚೆ ಗಣಪತಿಗೆ ಕೈ ಮುಗಿದೆಯಾ?" ಅವಳು "ಮುಗೀದೆ ಇರ್ತೀನಾ? ಅವತ್ತು ಸಂಕಷ್ಟಿ ಬೇರೆ. ಬಲಗೈ ಎತ್ತಿ ಮುಗಿದೆ" ಅಂದಳು. ಗೆದ್ದೆ ಎಂದುಕೊಂಡು ಅಮ್ಮನ ಕಡೆ ತಿರುಗಿದೆ. ಅಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಒಂದೇ ಕೈಲಿ ಮುಗಿದ್ಯೇನೇ? ಭಿಕ್ಷೆ ಹಾಕೋ ಹಾಗೆ ಒಂದೇ ಕೈಲಿ ಮುಗಿದ್ರೆ ಆ ಗಣಪತಿಗೆ ಸಿಟ್ಟು ಬರದೆ ಇರತ್ತಾ? ಮೊದ್ಲೇ ಹೇಳ್ಬಾರ್ದಾ!"

ನನ್ನ ಸಂಶೋಧನೆ ಹೀಗೆ ತಲೆಕೆಳಗಾಗಿ ನಿಂತಿತು. ಎರಡು ಕೈಯಲ್ಲಿ ಮುಗಿದರೆ ಗಾಡಿ ಬೀಳುತ್ತದೆ, ಒಂದು ಕೈಯಲ್ಲಿ ಮುಗಿದರೆ ಅಪಚಾರ, ಮುಗಿಯದೇ ಹೋದರಂತೂ ಕೀಯ ಆಸೆಯನ್ನೇ ಬಿಡಬೇಕು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಸುಮ ಮಾತ್ರ ಕೂರಲಿಲ್ಲ. ಅತ್ತೆಯ ಪಕ್ಕಕ್ಕೆ ಹೋಗಿ ಮೆತ್ತಗೆ "ಅತ್ತೆ, ಗಂಡ ಮಾಡಿದ ನಮಸ್ಕಾರ ಹೆಂಡತಿಗೂ ಸೇರುತ್ತೆ ಅಲ್ವಾ?" ಅಂದಳು. ಅಮ್ಮ "ಸೇರದೆ ಏನು, ಶಾಸ್ತ್ರಾನೇ ಇದೆಯಲ್ಲ" ಅಂದಳು. ಯಾವ ಶಾಸ್ತ್ರ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಕೀ ಸುಮಳ ಕೈಯಲ್ಲಿತ್ತು.

ಈಗ ದಿನಾ ಬೆಳಿಗ್ಗೆ ನಾನು ಅವಳ ಹಿಂದಿನ ಸೀಟಿನಲ್ಲಿ ಕೂತು ರಿಂಗ್ ರೋಡಿಗೆ ಹೋಗುತ್ತೇನೆ. ತಿರುವು ದಾಟಿದ ಮೇಲೆ ಇಳಿದು, ಬನ್ನಿಮಂಟಪದ ಹತ್ತಿರದ ನನ್ನ ಆಫೀಸಿಗೆ ಬಸ್ಸು ಹಿಡಿದು ವಾಪಸ್ ಬರುತ್ತೇನೆ. ಸುಮ ಅಂದಿನಿಂದ ಬಿದ್ದಿಲ್ಲ, ಸ್ಕೂಲಿಗೆ ತಡವಾಗಿಲ್ಲ. ನನಗೆ ಅಷ್ಟೇ ಬೇಕಿತ್ತು. ಅವಳು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ರಸ್ತೆಯಿಂದ ಕಣ್ಣು ಕದಲಿಸದೆ ತಿರುವು ತೆಗೆದುಕೊಳ್ಳುತ್ತಾಳೆ. ಹಿಂದೆ ನಾನು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿರುತ್ತೇನೆ. ನೋಡಿದವರೆಲ್ಲ, ಪಾಪ, ಹೆಂಡತಿ ಗಾಡಿ ಓಡಿಸುವುದಕ್ಕೆ ಹೆದರಿ ಕೈ ಮುಗಿಯುತ್ತಿದ್ದಾನೆ ಎಂದುಕೊಂಡು ನಗುತ್ತಾರೆ. ಅವಳು ಆ ತಿರುವನ್ನು ತೆಗೆದುಕೊಳ್ಳುವ ಸ್ಪೀಡು ನೋಡಿದರೆ, ಅವರ ಮಾತನ್ನು ಪೂರ್ತಿ ಸುಳ್ಳು ಅನ್ನಲು ನನಗೂ ಧೈರ್ಯವಿಲ್ಲ.