ತಾಯಿ ಒಲಿದ ಪಾದ

ಪರೀಕ್ಷೆ ಎಂದರೆ ನನಗೆ ಭಯವಿಲ್ಲ. ಅಫಜಲಪುರದ ಶಾಲೆಯಲ್ಲಿ ತಲೆ ನೆರೆಯುವವರೆಗೆ ಮಾಸ್ತರಿಕೆ ಮಾಡಿ, ಕಾಪಿ ಹೊಡೆಯುವ ಹುಡುಗರನ್ನು ಕಿವಿ ಹಿಡಿದು ಹೊರಗೆ ಹಾಕಿದ ಮಹಾಪುರುಷ ನಾನು. ಅಂಥವನ ಪಾದಕ್ಕೇ ಪರೀಕ್ಷೆ ಬಂತು!

ಎಲ್ಲಕ್ಕೂ ಕಾರಣ ಚಪ್ಪಲಿ. ಒಂದು ದಿನ ಬಜಾರಿನಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಇನ್ನೊಂದು ದಾರಿಯಲ್ಲಿ ಕಳಚಿದ್ದು ಗೊತ್ತೇ ಆಗಿರಲಿಲ್ಲ.

“ಇನ್ನೊಂದು ಚಪ್ಪಲ್ ಎಲ್ಲಿ ಬಿಟ್ಟು ಬಂದ್ರಿ?” ಎಂದಳು ನನ್ನ ಹೆಂಡತಿ ಮಹಾದೇವಿ.

“ಏನೋ ವಿಚಾರ ಮಾಡಕೋತ ಬಂದೆ.”

“ವಿಚಾರ ತಲ್ಯಾಗ ಇರ್ತದ್ರಿ, ಕಾಲಾಗಲ್ಲ. ಶುಗರ್ ಅದ ನಿಮಗ. ನಡೀರಿ, ಡಾಕ್ಟರಿಗೆ ತೋರಸೂಣು.”

ಊರಲ್ಲಿ ನಡೆದಿದ್ದ ಉಚಿತ ಶಿಬಿರಕ್ಕೆ ಎಳೆದುಕೊಂಡು ಹೋದಳು. ಎಳೆ ವಯಸ್ಸಿನ ಡಾಕ್ಟರು ಒಂದು ಸಣ್ಣ ನೈಲಾನ್ ದಾರ ಹಿಡಿದು, “ಕಣ್ಣು ಮುಚ್ಚರಿ ಸರ್. ಪಾದಕ್ಕ ಮುಟ್ಟಿದಾಗ ಹೂಂ ಅನ್ರಿ” ಎಂದರು. ಮುಚ್ಚಿದೆ. ಏನೂ ತಿಳಿಯಲಿಲ್ಲ. ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಿಂತು ನೋಡುತ್ತಿದ್ದರು. ಅವರೆದುರು ಫೇಲಾಗುವುದೇ? ರೆಪ್ಪೆಯನ್ನು ಒಂದಿಷ್ಟೇ ತೆರೆದೆ. ಡಾಕ್ಟರ ಕೈ ಬಾಗಿದಾಗಲೆಲ್ಲ “ಹೂಂ” ಎಂದೆ. ನೂರಕ್ಕೆ ನೂರು! ಅವರು ‘ಸ್ಪರ್ಶಜ್ಞಾನ ಸರಿ ಇದೆ’ ಎಂದು ಬರೆದು ಸಹಿ ಹಾಕಿದರು. ಆ ಚೀಟಿಯನ್ನು ಮಹಾದೇವಿಯ ಮೂಗಿನ ಮುಂದೆ ಹಿಡಿದು ಮೀಸೆ ತಿರುವಿದೆ.

ಅದೇ ಹುರುಪಿನಲ್ಲಿ ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಬರಿಗಾಲಲ್ಲಿ ಹೊರಟೆ. ಸುಡುವ ಡಾಂಬರಿನ ಮೇಲೆ ಮಂದಿಯೆಲ್ಲ “ಯವ್ವಾ, ಯಪ್ಪಾ” ಎಂದು ಕುಣಿಯುತ್ತಿದ್ದರೆ, ನಾನೊಬ್ಬನೇ ಹಾಸಿಗೆಯ ಮೇಲೆ ನಡೆದಂತೆ ನಡೆದೆ. ಒಬ್ಬ ಮುದುಕಿ ಬೆರಗಾದಳು.

“ಭಾಗ್ಯವಂತಿ ತಾಯಿ ನಿನಗ ಒಲದಾಳೋ ಯಪ್ಪಾ!” ಎಂದು ನನ್ನ ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನಷ್ಟು ಜನ. ನಾನೂ ಬಿಡಲಿಲ್ಲ. ಕೈ ಎತ್ತಿ ಎಲ್ಲರಿಗೂ ಆಶೀರ್ವಾದ ಹಂಚಿದೆ!

ಸಂಜೆ ಮನೆಗೆ ಬಂದು ಪ್ರಸಾದ ಇಟ್ಟು ತಿರುಗಿ ನೋಡಿದರೆ, ಹೊಸ್ತಿಲಿನಿಂದ ದೇವರ ಜಗಲಿಯವರೆಗೆ ಕೆಂಪು ಹೆಜ್ಜೆಗಳು.

“ನೋಡು, ತಾಯಿ ನನ್ನ ಬೆನ್ನ ಹಿಂದ ಬಂದಾಳ” ಎಂದೆ ಕೈ ಮುಗಿದು.

“ತಾಯಿ ಪಾದ ಹತ್ತು ನಂಬರ್ ಇರ್ತಾವೇನ್ರಿ? ಅವು ನಿಮ್ಮವೇ!” ಎಂದು ಚೀರಿದಳು ಮಹಾದೇವಿ.

ಜಾಲಿಮುಳ್ಳು ಹೆಬ್ಬೆರಳಿನೊಳಗೆ ಮುರಿದು ಕೂತಿತ್ತು. ಅಂಗಾಲೆಲ್ಲ ಬೊಬ್ಬೆ. ಅವಳು ಅಳುತ್ತ ಅರಿಶಿಣ ಹಚ್ಚಿದಳು, ನಾನು ಆರಾಮಾಗಿ ಚಹಾ ಕುಡಿದೆ. ಕೆಲವೇ ದಿನದಲ್ಲಿ ಬೆರಳು ಕಪ್ಪಾಯಿತು. ಕಲಬುರಗಿಗೆ ಓಡಿದೆವು.

ಅಲ್ಲಿನ ನರದ ಡಾಕ್ಟರಮ್ಮ ಚಾಣಾಕ್ಷೆ. ಮೊದಲು ನನ್ನ ಮುಖದ ಮೇಲೆ ಟಾವೆಲ್ ಹಾಕಿದರು. ಇನ್ನು ಅಂದಾಜೇ ಗತಿ. “ಹೂಂ” ಎಂದೆ. ತಡೆದು ಮತ್ತೆ “ಹೂಂ” ಎಂದೆ.

“ಸರ್, ನಾ ಇನ್ನೂ ಮುಟ್ಟೇ ಇಲ್ರಿ!”

ಆಮೇಲೆ ಕೈಕಾಲಿಗೆ ವೈರು ಅಂಟಿಸಿ ಕರೆಂಟು ಬಿಟ್ಟರು. ಕಾಲಿನ ಸರದಿ ಬಂದಾಗ ಯಂತ್ರದ ಗೆರೆ ಮಿಸುಕಾಡದೆ ಮಲಗಿತು. ಅದಕ್ಕೆ ಕಾಪಿ ಹೊಡೆಯಲು ಬರುತ್ತಿರಲಿಲ್ಲ.

“ಇದು ಒಂದು ನರದ್ದಲ್ರಿ. ಎರಡೂ ಕಾಲಿನ ನರಗಳು ಬಹಳ ಕೆಟ್ಟಾವ. ಕೈಯಾಗೂ ಸುರು ಆಗ್ಯಾದ. ಮೊದಲ ಗೊತ್ತಾಗಿದ್ರ ಬೆರಳು ಉಳೀತಿತ್ತು. ಯಾರಿಗೂ ತೋರಸೇ ಇಲ್ಲೇನು?”

ಮಹಾದೇವಿ ಚೀಲದಿಂದ ಶಿಬಿರದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಓದಿ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

ನಾನು ಹಿಡಿದ ಹುಡುಗರಿಗೆ ಒಂದು ವರ್ಷ ಹೋಗುತ್ತಿತ್ತು. ನನಗೆ ಹೆಬ್ಬೆರಳು ಹೋಯಿತು.

ಮೊನ್ನೆ ಆ ಮುದುಕಿ ಊರೆಲ್ಲ ಕೇಳಿಕೊಂಡು ಮನೆಗೇ ಬಂದಳು. ನನ್ನ ಆಶೀರ್ವಾದದಿಂದ ಅವಳ ಮೊಣಕಾಲು ಬ್ಯಾನಿ ಇಳಿದಿದೆಯಂತೆ! ಪಾದ ಮುಟ್ಟಲೇಬೇಕಂತೆ. ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ, ಪಟ್ಟಿ ಕಟ್ಟಿದ ಕಾಲು ಮುಂದೆ ಚಾಚಿದೆ. ಕಾದೆ, ಕಾದೆ.

“ಮುಟ್ಟು ಆಯಿ, ಲಗೂನ ಮುಟ್ಟು” ಎಂದೆ.

ಹಿಂದಿನಿಂದ ಮಹಾದೇವಿಯ ದನಿ ಬಂತು: “ಆಕಿ ಆಗಳೇ ಮುಟ್ಟಿ ಹೋದಳ್ರಿ.”