ಬಲಕ್ಕೆ ನೋಡು, ಎಡಕ್ಕೆ ನೋಡು, ಮುಕಾದಮನನ್ನು ನೋಡಬೇಡ

ರಸ್ತೆ ದಾಟುವುದನ್ನು ಕಲಿಸಲು ಏನು ದೊಡ್ಡ ವಿದ್ಯೆ ಬೇಕು? ಅಥಣಿ–ಕಾಗವಾಡ ರಸ್ತೆಯ ದಂಡೆಯಲ್ಲೇ ಹುಟ್ಟಿ ಬೆಳೆದವನು ನಾನು. ಎಮ್ಮೆಗಳನ್ನು ದಾಟಿಸಿದವನು ಮಕ್ಕಳನ್ನು ದಾಟಿಸಲಾರೆನೇ!

ಎಂಬತ್ತರ ದಶಕದ ಕೊನೆ, ಕಬ್ಬಿನ ಹಂಗಾಮು. ಮಗಳು ಸವಿತಾ ಆ ವರ್ಷವೇ ಒಂದನೇ ಇಯತ್ತೆಗೆ ಸೇರಿದ್ದಳು. ಶಾಲೆ ರಸ್ತೆಯ ಆಚೆ. ನಮ್ಮ ಓಣಿಯ ಹುಡುಗರೆಲ್ಲ ಓಡುವ ಟ್ರ್ಯಾಕ್ಟರಿನ ಬೆನ್ನು ಹತ್ತಿ ಕಬ್ಬು ಜಗ್ಗುವ ಶೂರರು. ಹೆಂಡತಿ ಶಾಂತಾಳಿಗೆ ಅದೇ ದಿಗಿಲು.

“ನಮ್ಮ ಕೂಸಿಗೂ ಆ ಚಟ ಹತ್ತಿದ್ರ ಏನ್ ಗತಿರಿ? ನೀವರ ಸ್ವಲ್ಪ ಬುದ್ಧಿ ಹೇಳ್ರಿ.”

“ಇವತ್ತ ಕಲಿಸೇ ಬಿಡ್ತೀನಿ ತಗೋ!” ಎಂದು ಇಸ್ತ್ರಿ ಮಾಡಿದ ಧೋತರ ಉಟ್ಟು ಹೊರಟೆ.

ಸವಿತಾಳನ್ನೂ ಓಣಿಯ ಹುಡುಗರನ್ನೂ ರಸ್ತೆಯ ಅಂಚಿಗೆ ಸಾಲಾಗಿ ನಿಲ್ಲಿಸಿ, ಮಾಸ್ತರರ ಠೀವಿಯಲ್ಲಿ ಉಪನ್ಯಾಸ ಆರಂಭಿಸಿದೆ. “ಮಕ್ಕಳೇ, ಮೊದಲು ಬಲಕ್ಕೆ ನೋಡಬೇಕು. ಆಮೇಲೆ ಎಡಕ್ಕೆ. ಮತ್ತೊಮ್ಮೆ ಬಲಕ್ಕೆ. ಏನೇ ಆದರೂ ಟ್ರ್ಯಾಕ್ಟರಿನ ಹಿಂದೆ ಓಡತಕ್ಕದ್ದಲ್ಲ!”

“ಹೌದ್ರಿ ಕಾಕಾ!”

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಹೋಯಿತು. ಒಬ್ಬ ಹುಡುಗನೂ ಅಲುಗಲಿಲ್ಲ. ಹೆಮ್ಮೆಯಿಂದ ಎದೆಯುಬ್ಬಿಸಿ ಕತ್ತೆತ್ತಿದೆ. ಕಬ್ಬಿನ ಹೇರಿನ ಮೇಲೆ ಕೂತವನು ಯಾರು? ಮುಕಾದಮ! ಕಬ್ಬು ಕಡಿಯುವ ಟೋಳಿಯ ಯಜಮಾನ! ‘ನಾಳೆ ನಿಮ್ಮ ಹೊಲಕ್ಕ ಬರ್ತೀವ್ರಿ’ ಎನ್ನುತ್ತಲೇ ದೀಪಾವಳಿಯಿಂದ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ಆಸಾಮಿ. ನನ್ನ ಕಬ್ಬು ಹೊಲದಲ್ಲೇ ನಿಂತು ಒಣಗುತ್ತಿತ್ತು.

“ಏ ಮುಕಾದಮಾ! ನಿಲ್ಲಲೇ!”

ಬಲಕ್ಕೂ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ. ರಸ್ತೆಗೆ ಹಾರಿದೆ.

“ಅಪ್ಪಾ!”

ಹಿಂದಿನಿಂದ ಧೋತರಕ್ಕೆ ಎಂಥ ಜಗ್ಗು ಬಿತ್ತೆಂದರೆ, ದೊಪ್ಪನೆ ಹಿಂದಕ್ಕೆ ಕುಕ್ಕರಿಸಿದೆ. ಮೂಗಿನ ಮುಂದೆಯೇ ಕೆಂಪು ಬಸ್ಸು ಭರ್ರೆಂದು ಹೋಯಿತು.

ತಿರುಗಿ ನೋಡಿದರೆ ಧೋತರದ ಚುಂಗು ಸವಿತಾಳ ಕೈಯಲ್ಲಿ. ಅವಳ ಹಿಂದೆ ಕಬ್ಬು ಜಗ್ಗುವ ಶೂರರೆಲ್ಲ ಸಾಲುಗಟ್ಟಿ ಧೋತರ ಹಿಡಿದಿದ್ದರು. ಪಳಗಿದ ಕೈಗಳು! ನಾನು ಬದುಕಿದ್ದೆ. ಧೋತರ ಮಾತ್ರ ನನ್ನ ಮೈಮೇಲಿರಲಿಲ್ಲ.

ಟ್ರ್ಯಾಕ್ಟರ್ ನಿಲ್ಲಿಸಿ ಮುಕಾದಮ ಓಡಿ ಬಂದ. “ಸಾವ್ಕಾರ್ರ, ನಾಳೆ ಖರೇನ ಬರ್ತೀನ್ರಿ! ಮೊದಲ ಧೋತರ ಉಟ್ಕೋರಿ!”

ಸವಿತಾ ಅಳುತ್ತಲೇ ಇದ್ದಳು. ಅವಳನ್ನು ಎದೆಗವಚಿಕೊಂಡೆ. ಆ ಪುಟ್ಟ ಮುಷ್ಟಿಯ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಓಣಿಯ ಆ ಪುಂಡರಿಗೂ ಅಂದು ಮನಸಾರೆ ಕೈ ಮುಗಿದೆ.

ಸಂಗತಿ ಕೇಳಿದ ಶಾಂತಾ ದೇವರಿಗೆ ದೀಪ ಹಚ್ಚಿದಳು. ಆಮೇಲೆ ನನ್ನತ್ತ ಬೆರಳು ತೋರಿಸಿ ಮಗಳಿಗೆ ಹೇಳಿದಳು: “ನಾಳಿಂದ ಅಪ್ಪನ ಕೈ ಬಿಡಬ್ಯಾಡ ಬೇ.”

ಮರುದಿನ ಸವಿತಾ ನನ್ನ ಕೈ ಬಿಗಿಯಾಗಿ ಹಿಡಿದು ರಸ್ತೆ ದಾಟಿಸಿದಳು. ಅವಳನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ನಾನು ಹೊರಟರೆ, ಹಿಂದಿನಿಂದ ಪಾಠ ಹೇಳುವ ಬಾಯಿಯವರಿಗೆ ಅವಳು ಹೇಳುವುದು ಕೇಳಿಸಿತು:

“ಸ್ವಲ್ಪ ತಡೀರಿ ಬಾಯಿ, ನಮ್ಮಪ್ಪನ್ನ ಆಚೀಕಡೆ ಮುಟ್ಟಿಸಿ ಬರ್ತೀನಿ!”